ಕಟ್ಟೆಗೆ ಮಂತ್ರಿ, ಮರಳಿಗೆ ಅಲಮೇಲಮ್ಮ

ಸೋಸಲೆ ಅಂದರೆ ಹೊರಗಿನವರಿಗೆ ವ್ಯಾಸರಾಜ ಮಠ. ಸ್ವಲ್ಪ ಓದಿಕೊಂಡವರಾದರೆ ಮೈಸೂರು ಆಸ್ಥಾನದಲ್ಲಿ ಕವಿಯಾಗಿದ್ದ ಸೋಸಲೆ ಅಯ್ಯಾಶಾಸ್ತ್ರಿಗಳ ಹೆಸರು ತೆಗೆಯುತ್ತಾರೆ. ವೇದಾಂತಕ್ಕೆ ಮಠ, ಕಾವ್ಯಕ್ಕೆ ಶಾಸ್ತ್ರಿಗಳು ಸರಿ. ಮಿಕ್ಕ ಸಕಲ ಶಾಸ್ತ್ರಗಳೂ ತೀರ್ಮಾನವಾಗುವುದು ನಮ್ಮ ಮನೆಗೂ ಪಕ್ಕದ ಮನೆ ದೊಡ್ಡವ್ವನ ಮನೆಗೂ ನಡುವಿನ ಬೇಲಿಯ ಹತ್ತಿರ. ಬೇಲಿ ಅಂದರೆ ಅಂಥ ಬೇಲಿಯೇನಲ್ಲ. ನಾಲ್ಕು ಕಲ್ಲುಕಂಬ, ಎರಡು ಸಾಲು ತಂತಿ, ತಂತಿ ಕಾಣದಂತೆ ಬೆಳೆದ ದಾಸವಾಳ, ನಡುವೆ ಒಂದು ನುಗ್ಗೆಮರ. ಮರ ಅವರದು, ಕೊಂಬೆ ನಮ್ಮ ಕಡೆ. ಹಾಗಾಗಿ ಸೊಪ್ಪು ಬಿಡಿಸುವಾಗ ಎರಡು ಕಡೆಯವರೂ ಹಾಜರಿರಲೇಬೇಕು. ಕೈಗೆ ಕೆಲಸ ಇದ್ದರೆ ಬಾಯಿ ಸುಮ್ಮನಿರುವುದುಂಟೆ?

ಮೊನ್ನೆ ಹಾಗೆ ಸೊಪ್ಪು ಬಿಡಿಸುತ್ತಿದ್ದಾಗ ದೊಡ್ಡವ್ವ ಮೊಮ್ಮಗನ ಫೋನನ್ನು ತಂತಿಯ ಮೇಲಿಂದ ನನ್ನ ಮುಖಕ್ಕೆ ಹಿಡಿದರು.

“ನೋಡು ಟೀಚರಮ್ಮ, ಈ ಹೈದ ಏನ್ ತೋರಿಸ್ತಾನೆ. ಹಡಗು ನೀರ್ ಬುಟ್ಟು ಆಕಾಸ್ದಲ್ಲಿ ನಿಂತದೆ. ಎಲ್ಲಾ ಕಂಪ್ಯೂಟರ್ ಕೈಚಳಕ ತಾನೆ?”

“ಅಲ್ಲಜ್ಜಿ, ನಿಜವಾದ್ದೇ. ಫಾತಾ ಮೊರ್ಗಾನಾ ಅಂತಾರೆ ಇದಕ್ಕೆ,” ಎಂದ ಮೊಮ್ಮಗ. ಮೈಸೂರಲ್ಲಿ ಡಿಗ್ರಿ ಓದುವವನು, ರಜಕ್ಕೆ ಬಂದಿದ್ದಾನೆ.

“ಯಾವಳ್ಲಾ ಅವಳು?”

ಹೆಸರು ಕಿವಿಗೆ ಬಿದ್ದ ತಕ್ಷಣ ಹೆಂಗಸು ಅಂತ ಹೇಗೆ ಗೊತ್ತಾಯಿತು ದೊಡ್ಡವ್ವ ಎಂದೆ. ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. “ಕಣ್ಕಟ್ಟು ಅಂದ್ಮೇಲೆ ಹೆಂಗ್ಸಿನ ಹೆಸರೇ ಇಟ್ಟಿರ್ತಾರೆ ಕನವ್ವ. ಗಂಡಸಿನ ಹೆಸರು ಇಡಾಕೆ ಅವರಿಗೇನ್ ತಲೆ ಕೆಟ್ಟಿದ್ದದಾ?”

ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಮೊರ್ಗಾನಾ ಹೆಂಗಸೇ. ಹೆಸರು ಇಟಲಿಯವರ ಬಾಯಲ್ಲಿ ಹೀಗಾದರೂ, ಹುಟ್ಟಿದ್ದು ಮಾತ್ರ ಅಲ್ಲಲ್ಲ, ಬ್ರಿಟನ್ನಿನ ಕಡೆ. ಸುಮಾರು 1150ರಲ್ಲಿ ಜೆಫ್ರಿ ಆಫ್ ಮನ್ಮತ್ ಎಂಬಾತ ಲ್ಯಾಟಿನ್ನಿನಲ್ಲಿ ಬರೆದ ಮರ್ಲಿನನ ಕಾವ್ಯದಲ್ಲಿ ಅವಳ ಹೆಸರು ಮೊದಲು ಕಾಣುತ್ತದೆ. ಸೇಬಿನ ದ್ವೀಪವೊಂದರಲ್ಲಿ ಒಂಬತ್ತು ಜನ ಅಕ್ಕತಂಗಿಯರು, ಅವರಲ್ಲಿ ಇವಳೇ ಮುಂದಾಳು. ಯಾವ ಬೇರು ಯಾವ ಕಾಯಿಲೆಗೆ ಅಂತ ಬಲ್ಲವಳು. ಬೇಕಾದ ರೂಪ ತಾಳುತ್ತಾಳೆ, ರೆಕ್ಕೆ ಕಟ್ಟಿಕೊಂಡು ಹಾರುತ್ತಾಳೆ. ಯುದ್ಧದಲ್ಲಿ ಗಾಯಗೊಂಡ ಆರ್ಥರ್ ದೊರೆಯನ್ನು ಚಿನ್ನದ ಮಂಚದ ಮೇಲೆ ಮಲಗಿಸಿಕೊಂಡು, ನನ್ನ ಹತ್ತಿರ ಬಹಳ ದಿನ ಬಿಡಿ, ವಾಸಿ ಮಾಡುತ್ತೇನೆ ಅನ್ನುತ್ತಾಳೆ.

“ನಾಟಿ ಔಸ್ದಿ ಕೊಡೋಳು ಅನ್ನು. ಒಳ್ಳೇ ಹೆಂಗ್ಸೇ ಅಲ್ವಾ?”

ಮೊದಲಿಗೆ ಒಳ್ಳೆಯವಳೇ. ಆಮೇಲೆ ಬರೆದವರ ಕೈಯಲ್ಲಿ ಒಂದೊಂದು ತಲೆಮಾರಿಗೆ ಒಂದೊಂದು ಮೆಟ್ಟಿಲು ಇಳಿದು ಮಾಟಗಾತಿಯಾದಳು. 11ನೇ ಶತಮಾನದಲ್ಲಿ ನಾರ್ಮನ್ನರು ಸಿಸಿಲಿಯನ್ನು ಗೆದ್ದುಕೊಂಡರಲ್ಲ, ಅವರ ಜೊತೆ ಆರ್ಥರನ ಕಥೆಗಳೂ ದಕ್ಷಿಣಕ್ಕೆ ಇಳಿದವು. ಇಟಲಿಯ ಹಿಮ್ಮಡಿಯಲ್ಲಿರುವ ಒತ್ರಾಂತೊ ಊರಿನ ಚರ್ಚಿನ ನೆಲದಲ್ಲಿ 1160ರ ದಶಕದಲ್ಲಿ ಬಣ್ಣದ ಕಲ್ಲುಚೂರು ಕೂಡಿಸಿ ಮಾಡಿದ ಚಿತ್ರವಿದೆ. ಅದರಲ್ಲಿ ಆರ್ಥರ್ ದೊರೆ ಮೇಕೆಯಂಥ ಪ್ರಾಣಿಯ ಮೇಲೆ ಕೂತಿದ್ದಾನೆ. 13ನೇ ಶತಮಾನದ ಹೊತ್ತಿಗೆ ಆತ ಸತ್ತೇ ಇಲ್ಲ, ಸಿಸಿಲಿಯ ಎಟ್ನಾ ಬೆಂಕಿಬೆಟ್ಟದೊಳಗೆ ಹಾಯಾಗಿದ್ದಾನೆ ಎಂಬ ಕಥೆ ಹುಟ್ಟಿತ್ತು. ಅಷ್ಟರಲ್ಲಿ ಕಥೆಗಾರರು ಮೊರ್ಗಾನಾಳನ್ನು ಅವನ ಅಕ್ಕನನ್ನಾಗಿ ಮಾಡಿದ್ದರು. ತಮ್ಮ ಇದ್ದ ಮೇಲೆ ಅಕ್ಕನಿಗೂ ಮನೆ ಬೇಡವೆ? ಮೊರ್ಗಾನಾಳ ಅರಮನೆಯೂ ಎಟ್ನಾಕ್ಕೇ ಬಂತು.

ಅಲ್ಲಿಂದ ಕೆಳಗಿಳಿದರೆ ಮೆಸ್ಸೀನಾ ಜಲಸಂಧಿ. ಈ ದಡ ಇಟಲಿಯ ರೆಜ್ಜೊ, ಆ ದಡ ಸಿಸಿಲಿ. ಎರಡು ದಡ ತೀರಾ ಹತ್ತಿರ ಬರುವ ಕಡೆ ಮೂರು ಕಿಲೋಮೀಟರಿನಷ್ಟು ಅಗಲ. ಕೆಲವು ದಿನ ಬೆಳಿಗ್ಗೆ ಗಾಳಿ ನಿಂತು, ನೀರು ತಣ್ಣಗಿದ್ದು, ಮೇಲಿನ ಗಾಳಿ ಕಾದಾಗ ಆ ನೀರಿನ ಮೇಲೆ ಇಲ್ಲದ ಪಟ್ಟಣ ಎದ್ದು ನಿಲ್ಲುತ್ತದೆ. 1643ರ ಆಗಸ್ಟಿನಲ್ಲಿ ರೆಜ್ಜೊದ ಕಿಟಕಿಯಿಂದ ಇದನ್ನು ಕಂಡ ಇಗ್ನಾತ್ಸಿಯೊ ಅಂಜೆಲೂಚ್ಚಿ ಎಂಬ ಪಾದ್ರಿ ಸಮುದ್ರದ ಮೇಲೆ ಕಂಬಗಳ ಸಾಲು, ಕಮಾನು, ಕೋಟೆ, ಕಿಟಕಿ ಎಲ್ಲ ಒಂದಾದ ಮೇಲೊಂದು ಬಂದು ಕರಗಿದ್ದನ್ನು ಕಾಗದ ಬರೆದು ತಿಳಿಸಿದ. ಊರವರಿಗೆ ಕಾಗದ ಬರೆಯುವ ತೊಂದರೆ ಇರಲಿಲ್ಲ. ಮೊರ್ಗಾನಾಳ ಕೆಲಸ ಅಂದರೆ ಮುಗಿಯಿತು. ಅವರ ಕಥೆಯಲ್ಲಿ ಹೊರಗಿನಿಂದ ದಂಡೆತ್ತಿ ಬಂದ ದೊರೆಯೊಬ್ಬ ರೆಜ್ಜೊ ದಡದಲ್ಲಿ ನಿಂತು, ದೋಣಿ ಇಲ್ಲವಲ್ಲಾ, ಸಿಸಿಲಿಗೆ ಹೇಗೆ ಹೋಗಲಿ ಅಂತ ಕೈ ಹಿಸುಕಿಕೊಳ್ಳುತ್ತಾನೆ. ಎದುರಿಗೆ ಸುಂದರಿ ಬಂದು ಕೈ ಬೀಸುತ್ತಾಳೆ. ಆಚೆ ದಡ ಕಾಲಿಗೆ ಎಟಕುವಷ್ಟು ಸಮೀಪ ಬಂದುಬಿಡುತ್ತದೆ. ಗಿಡ, ಮನೆ, ದಾರಿ ಎಲ್ಲ ಕಾಣುತ್ತದೆ. ದೊರೆ ಕುದುರೆ ಸಮೇತ ಮುಂದಕ್ಕೆ ಹಾಕಿದ ಹೆಜ್ಜೆ ನೇರ ಸಮುದ್ರಕ್ಕೆ.

“ಮಾಡಿದ್ದುಣ್ಣೋ ಮಾರಾಯ,” ಅಂದರು ದೊಡ್ಡವ್ವ. “ಪಕ್ಕದೂರು ದೋಚಾಕೆ ಹೊಂಟವನಿಗೆ ಅವಳೇನ್ ಮೋಸ ಮಾಡೋದು?”

ಈ ಕಣ್ಕಟ್ಟಿನ ಗುಟ್ಟನ್ನು ಹುಡುಗನೇ ಹೇಳಿದ. ಬೇಸಗೆಯಲ್ಲಿ ಮೈಸೂರು ರಸ್ತೆಯ ಟಾರಿನ ಮೇಲೆ ದೂರಕ್ಕೆ ನೀರು ನಿಂತ ಹಾಗೆ ಕಾಣುತ್ತದಲ್ಲ, ಅದರಲ್ಲಿ ಕೆಳಗಿನ ಗಾಳಿ ಕಾದಿರುತ್ತದೆ. ಬೆಳಕು ಮೇಲಕ್ಕೆ ಬಾಗಿ, ಆಕಾಶವೇ ರಸ್ತೆಯ ಮೇಲೆ ನೀರಾಗಿ ಕಾಣುತ್ತದೆ. ಸಮುದ್ರದ ಮೇಲೆ ಇದು ತಿರುಗಾಮುರುಗಾ. ಕೆಳಗೆ ತಂಪು, ಮೇಲೆ ಬಿಸಿ. ಬೆಳಕು ಕೆಳಕ್ಕೆ ಬಾಗುತ್ತದೆ. ಮರೆಯಲ್ಲಿರಬೇಕಾದ ಹಡಗು, ದಡ, ಗುಡ್ಡ ಮೇಲಕ್ಕೆದ್ದು, ಹಿಗ್ಗಿ, ಒಂದರ ಮೇಲೊಂದು ಕೂತು ಕೋಟೆಯಾಗುತ್ತವೆ. ದೊಡ್ಡವ್ವ ಗಮನವಿಟ್ಟು ಕೇಳಿ, “ಹಂಗಾದ್ರೆ ಗಾಳಿಗೆ ಹೆಸರಿಡಬೇಕಾಗಿತ್ತು,” ಅಂದು ಸೊಪ್ಪಿನ ಕಡ್ಡಿ ಬಿಸಾಕಿದರು.

ಇಟಲಿಯ ಕವಿಗಳು ಅವಳನ್ನು ಕಣ್ಕಟ್ಟಿಗೇ ಬಿಡಲಿಲ್ಲ. 15ನೇ ಶತಮಾನದ ಕೊನೆಗೆ ಬೊಯಾರ್ದೊ ಎಂಬ ಕವಿ ಬರೆದ ಒರ್ಲಾಂದೊನ ಕಾವ್ಯದಲ್ಲಿ ಮೊರ್ಗಾನಾ ಸಿರಿಯ ಒಡತಿ. ಸರೋವರದ ತಳದಲ್ಲಿ ಅವಳ ರಾಜ್ಯ. ಅಲ್ಲಿ ಚಿನ್ನ, ರತ್ನ, ಜೊತೆಗೆ ಆಸೆಬಿದ್ದು ಸಿಕ್ಕಿಹಾಕಿಕೊಂಡ ವೀರರ ಸೆರೆಮನೆ. ಅವಳ ತಲೆಗೂದಲೆಲ್ಲ ಹಣೆಯ ಮೇಲೆ, ಹಿಂದೆ ಬೋಳು. ಎದುರಿಗಿದ್ದಾಗ ಮುಂಗುರುಳು ಹಿಡಿದರೆ ಉಂಟು, ತಿರುಗಿ ಓಡಿದಳೋ ಕೈಗೆ ಏನೂ ಸಿಗದು. ಒರ್ಲಾಂದೊ ಮೊದಲು ಬಿಟ್ಟು, ಆಮೇಲೆ ಕಲ್ಲುಮುಳ್ಳು ತುಳಿದು ಅವಳ ಹಿಂದೆ ಓಡುತ್ತಾನೆ. 1516ರಲ್ಲಿ ಅರಿಯೊಸ್ತೊ ಆ ಕಥೆಯನ್ನು ಮುಂದುವರಿಸಿ, ಮೊರ್ಗಾನಾಳ ಒಡಹುಟ್ಟಿದವಳಾದ ಅಲ್ಚೀನಾಳನ್ನು ಮುನ್ನೆಲೆಗೆ ತಂದ. ಅವಳು ಸಾಕೆನಿಸಿದ ಪ್ರಿಯಕರರನ್ನೆಲ್ಲ ಮರ, ಮೃಗ, ಬಂಡೆ ಮಾಡಿ ತೋಟ ತುಂಬಿಸುತ್ತಿದ್ದಳು. ರುಜ್ಜೇರೊ ಎಂಬುವನ ಬೆರಳಿಗೆ ಮಂತ್ರದ ಉಂಗುರ ಬಿದ್ದ ಮೇಲೆ ನೋಡಿದರೆ ಸುಂದರಿಯ ಜಾಗದಲ್ಲಿ ಹಲ್ಲಿಲ್ಲದ ಮುದುಕಿ. 1735ರಲ್ಲಿ ಹ್ಯಾಂಡೆಲ್ ಇದನ್ನೇ ಒಪೆರಾ ಮಾಡಿ ಲಂಡನ್ನಿನಲ್ಲಿ ಆಡಿಸಿದ. 1761ರಲ್ಲಿ ವೆನಿಸ್ಸಿನ ಕಾರ್ಲೊ ಗೊಟ್ಸಿ ತನ್ನ ಮೂರು ಕಿತ್ತಳೆ ಹಣ್ಣಿನ ನಾಟಕಕ್ಕೆ ಮೊರ್ಗಾನಾಳನ್ನೇ ಖಳನಾಯಕಿಯಾಗಿ ಕರೆತಂದ. ಔಷಧ ಅರೆಯುತ್ತಿದ್ದವಳು ಆರುನೂರು ವರ್ಷದಲ್ಲಿ ನಗೆನಾಟಕದ ಮಾಟಗಾತಿ!

“ಒಡವೆ ಸಮೇತ ನೀರೊಳಗೆ ಇರುವವಳು, ಕೂದಲು ಹಿಡಿಯಲು ಹೋದ ಗಂಡಸರು... ದೊಡ್ಡವ್ವ, ಇದು ನಮ್ಮ ಅಲಮೇಲಮ್ಮನ ಕಥೆ ಇದ್ದಂಗಿದೆ ಅಲ್ವಾ?” ಎಂದೆ.

ಎಸೆಯಬಾರದ ಕಡೆ ಕಲ್ಲು ಎಸೆದಿದ್ದೆ. ದೊಡ್ಡವ್ವನ ತವರು ಮಾಲಂಗಿ.

“ಏನಂದೆ? ಆ ಮಾಯ್ಗಾತಿಗೂ ನಮ್ಮವ್ವನಿಗೂ ಜೋಡಿ ಕಟ್ತೀಯಾ? ಇಸ್ಕೂಲಲ್ಲಿ ಮಕ್ಕಳಿಗೂ ಹಿಂಗೇ ಹೇಳ್ಕೊಡ್ತೀಯಾ? ಕೂತ್ಕೊ, ಹೇಳ್ತೀನಿ.”

ನಾನು ನಿಂತೇ ಕೇಳಿದೆ. ಕಥೆ ನಮ್ಮ ತಾಲ್ಲೂಕಿನ ಎಲ್ಲರಿಗೂ ಬಾಯಿಪಾಠ, ಆದರೆ ಮಾಲಂಗಿಯವರ ಬಾಯಲ್ಲಿ ಕೇಳುವ ರುಚಿಯೇ ಬೇರೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ಶ್ರೀರಂಗರಾಯ ಬೆನ್ನುಹುಣ್ಣಿನ ಕಾಯಿಲೆ ವಾಸಿಯಾಗಲೆಂದು ತಲಕಾಡಿನ ವೈದ್ಯನಾಥೇಶ್ವರನ ಹತ್ತಿರ ಬಂದ. ಹಿಂದೆಯೇ ಹೆಂಡತಿ ಅಲಮೇಲಮ್ಮ ಬಂದಳು. 1610ರಲ್ಲಿ ಮೈಸೂರಿನ ರಾಜ ಒಡೆಯರು ಪಟ್ಟಣವನ್ನು ಹಿಡಿದರು. ಆ ವರ್ಷವೇ ಅಲ್ಲಿ ದಸರಾ ಶುರುಮಾಡಿದರು. ಅಲಮೇಲಮ್ಮನ ಒಡವೆಗಳು ಶುಕ್ರವಾರ ಶುಕ್ರವಾರ ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಹೋಗಿ ಬರುತ್ತಿದ್ದವು. ಈಗ ಒಡವೆ ದೇವಸ್ಥಾನಕ್ಕೇ ಸೇರಬೇಕು ಅಂತ ಅಪ್ಪಣೆಯಾಯಿತು. ಆಕೆ ಮುತ್ತಿನ ಮೂಗುತಿಯೊಂದನ್ನು ಕಳಿಸಿ ಸುಮ್ಮನಾದಳು. ದಂಡು ಬಂತು. ಮಿಕ್ಕ ಒಡವೆಯನ್ನು ಮಡಿಲಿಗೆ ಕಟ್ಟಿಕೊಂಡು ಕಾವೇರಿಯ ದಡಕ್ಕೆ ಓಡಿ, ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಮೈಸೂರು ಅರಸರಿಗೆ ಮಕ್ಕಳಿಲ್ಲದ ಬಾಳನ್ನೂ ಶಾಪವಾಗಿ ಬಿಟ್ಟು ಮಡುವಿಗೆ ಹಾರಿದಳು. ಹಿಡಿಯಲು ಹೋದ ಸೈನಿಕರ ಕೈಗೆ ಸಿಕ್ಕಿದ್ದು ಒಂದಿಷ್ಟು ಕೂದಲು ಎಂದೂ ಜನ ಹೇಳುತ್ತಾರೆ.

“ಈಗ ಹೇಳು,” ಅಂದರು ದೊಡ್ಡವ್ವ, ಬೆರಳು ಮಡಚುತ್ತ. “ಎರವಲು ಕೊಟ್ಟಿದ್ದು ಯಾರ್ದು? ಇವಳ್ದು. ಕೇಳಿದ್ದು ಯಾರು? ಅವರು. ಕಳ್ಳಿ ಯಾರು? ಇವಳಾ? ವಾರ ವಾರ ಕೊಟ್ಟು ಇಸ್ಕೊಳ್ಳೋದು ಧರ್ಮ ಕನವ್ವ. ಒಂದ್ಸಲ ಕೊಟ್ಟೋರು ಯಾವಾಗ್ಲೂ ಕೊಡ್ಬೇಕು ಅನ್ನೋದು ಯಾವ ಧರ್ಮ? ನಿನ್ನ ಆ ಮೊರ್ಗಾನಿ ಒಡ್ವೆ ತೋರ್ಸಿ ಕರೀತಾಳೆ. ನಮ್ಮವ್ವ ಒಡ್ವೆ ಮುಚ್ಕೊಂಡು ಓಡಿದ್ಲು. ಎರಡೂ ಒಂದೇನಾ?”

ಒಂದಲ್ಲ. ಇಟಲಿಯಲ್ಲಿ ಗಂಡಸರು ಅಟ್ಟಿಸಿಕೊಂಡು ಹೋಗಿ ತಾವೇ ನೀರಿಗೆ ಬೀಳುತ್ತಾರೆ, ಇಲ್ಲಿ ಅಟ್ಟಿಸಿಕೊಂಡು ಬಂದವರಿಗೆ ಏನೂ ಆಗದೆ ಹೆಂಗಸು ನೀರಿಗೆ ಬಿದ್ದಳು. ಆದರೂ ಕೊನೆಗೆ ಲೆಕ್ಕ ಬರೆಯುವಾಗ ಇಬ್ಬರದೂ ಒಂದೇ ಪುಟ. ಅಲ್ಲಿ ಗಾಳಿ ಕಾದು ತಣಿದು ಮಾಡಿದ ಆಟ ಮೊರ್ಗಾನಾಳ ಹೆಸರಿಗೆ, ಇಲ್ಲಿ ನದಿ ಮತ್ತು ಗಾಳಿ ಸೇರಿ ಮಾಡಿದ ಕೆಲಸ ಅಲಮೇಲಮ್ಮನ ಹೆಸರಿಗೆ. ನಮ್ಮ ಕಡೆ ಪಹಣಿಯಲ್ಲಿ ಹೆಣ್ಣುಮಗಳ ಹೆಸರು ಸೇರಿಸಬೇಕಾದರೆ ನಾಡಕಚೇರಿಗೆ ಎಷ್ಟು ಅಲೆಯಬೇಕು, ಅಣ್ಣತಮ್ಮಂದಿರ ಎಷ್ಟು ಮಾತು ಕೇಳಬೇಕು! ಶಾಪ, ಮಾಟ, ಮಾಯೆಯ ಖಾತೆ ಮಾತ್ರ ಅರ್ಜಿ ಕೊಡದೆಯೇ ಅವಳ ಹೆಸರಿಗಾಗುತ್ತದೆ.

ತಲಕಾಡಿನ ಮರಳು ಸಾಮಾನ್ಯವಾದುದಲ್ಲ. ಗಂಗರ ರಾಜಧಾನಿ, ಆಮೇಲೆ ಚೋಳರ ರಾಜರಾಜಪುರ, ವಿಷ್ಣುವರ್ಧನ ಗೆದ್ದು ಕೀರ್ತಿನಾರಾಯಣನಿಗೆ ಗುಡಿ ಕಟ್ಟಿಸಿದ ಊರು. ಆ ಊರನ್ನು ಮರಳು ಎಂಥ ಹಟದಿಂದ ನುಂಗಿತೆಂದರೆ, ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೆ ಸರಿಯುತ್ತಿದೆ, ಜನ ಮನೆ ಬಿಟ್ಟು ಹಿಂದೆ ಹಿಂದೆ ಹೋಗುತ್ತಿದ್ದಾರೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆ ಎಂಬ ಮಾತೂ ಅದರಲ್ಲಿದೆ. ವೈದ್ಯನಾಥೇಶ್ವರದಿಂದ ಪಾತಾಳೇಶ್ವರಕ್ಕೆ ನಡೆದು ನೋಡಿ. ಚಪ್ಪಲಿಯೊಳಗೆ ಮರಳು ಸೇರಿ ಹೆಜ್ಜೆಗೊಮ್ಮೆ ಹಿಮ್ಮಡಿ ಹಿಂದಕ್ಕೆ ಜಾರುತ್ತದೆ. ಎರಡೂ ಕಡೆ ನೀಲಗಿರಿಯ ಒಣ ಎಲೆ. ಒಂದು ಕಡೆ ನೆಲವೇ ಬಾಯಿ ಬಿಟ್ಟು ಮೆಟ್ಟಿಲು ಕೆಳಗಿಳಿಯುತ್ತದೆ. ಇಳಿದು ನಿಂತರೆ ಗುಡಿಯ ಮಾಡು ನಿಮ್ಮ ತಲೆಯ ಮಟ್ಟಕ್ಕೆ, ಮರಳಿನ ದಿಬ್ಬ ಅದಕ್ಕೂ ಮೇಲೆ. ಅಲ್ಲಿನ ಲಿಂಗ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಪ್ಪು, ಸಂಜೆ ಬಿಳಿ ಕಾಣುತ್ತದೆ ಅಂತ ಹೇಳುತ್ತಾರೆ. ಬೆಳಕಿನ ಆಟಕ್ಕೆ ನಾವು ಮೆಸ್ಸೀನಾಕ್ಕೇ ಹೋಗಬೇಕಾಗಿಲ್ಲ.

ಮರಳು ಎಲ್ಲಿಂದ ಬಂತು? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಕನ್ನಡದಲ್ಲಿ ರೋಚಕ ಕಾದಂಬರಿಗಳನ್ನೂ ಬರೆಯುವ ಕೆ. ಎನ್. ಗಣೇಶಯ್ಯನವರು ಇದರ ಬೆನ್ನು ಹತ್ತಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬರೆದರು. ಅವರ ವಾದ ಹೀಗೆ. ನರಸೀಪುರದಲ್ಲಿ ಕಪಿಲೆಯನ್ನು ಸೇರಿಸಿಕೊಂಡ ಕಾವೇರಿ ತಲಕಾಡಿನ ಹತ್ತಿರ ದೊಡ್ಡ ತಿರುವು ತೆಗೆದುಕೊಳ್ಳುತ್ತಾಳೆ. ತಿರುವಿನ ಒಳಮಗ್ಗುಲಲ್ಲಿ ನೀರಿನ ಓಟ ನಿಧಾನ, ಹೊತ್ತು ತಂದ ಮರಳನ್ನು ಅಲ್ಲಿ ಇಳಿಸುತ್ತಾಳೆ. 14ನೇ ಶತಮಾನದಲ್ಲಿ, ವಿಜಯನಗರದ ಕಾಲಕ್ಕೆ, ಮಾಧವಮಂತ್ರಿ ಹೊಳೆಗೆ ಕಟ್ಟೆ ಕಟ್ಟಿಸಿ ನಾಲೆಗೆ ನೀರು ತಿರುಗಿಸಿದ ಮೇಲೆ ಪಾತ್ರದಲ್ಲಿ ನೀರು ಇಳಿಯಿತು. ಮುಳುಗಿದ್ದ ಮರಳು ಬಿಸಿಲಿಗೆ ಬಿದ್ದು ಒಣಗಿತು. ನೈಋತ್ಯದ ಗಾಳಿ ವರ್ಷ ವರ್ಷ ಅದನ್ನು ಎತ್ತಿ ಊರ ಮೇಲೆ ಸುರಿಯಿತು. ಹಾಗೆ ನೋಡಿದರೆ ಅಲಮೇಲಮ್ಮ ಮಡುವಿಗೆ ಹಾರುವ ಎರಡು ಶತಮಾನ ಮೊದಲೇ ಮರಳಿನ ಕೆಲಸ ಶುರುವಾಗಿತ್ತು.

ಕಟ್ಟೆ ಕಟ್ಟಿಸಿದ ಮಂತ್ರಿಯ ಹೆಸರು ಕಟ್ಟೆಗೆ ಉಳಿಯಿತು, ನಾಲೆಗೂ ಉಳಿಯಿತು. ಮರಳು ಯಾರ ಹೆಸರಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

“ಹಂಗಾದ್ರೆ ಶಾಪ ಸುಳ್ಳಾ?” ದೊಡ್ಡವ್ವನ ದನಿ ಸ್ವಲ್ಪ ಬಿಸಿಯಾಯಿತು. “ಅರಮನೆಯವರೇನು ದಡ್ಡರಾ? ನವರಾತ್ರೀಲಿ ಅವ್ವನಿಗೆ ಪೂಜೆ ಮಾಡಲ್ವಾ?”

ಮಾಡುತ್ತಾರೆ. ಅದೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚುಗೆಯಾದದ್ದು. ಮಕ್ಕಳ ವಿಷಯದಲ್ಲಿ ಶಾಪಕ್ಕೂ ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ರಜ ಇದ್ದಂತಿದೆ. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜರಿಗೆ ಮಕ್ಕಳಾದವು. ಅವರ ಮಗ ನಾಲ್ವಡಿಯವರಿಗೆ ಆಗಲಿಲ್ಲ. ನಾಲ್ವಡಿಯವರ ತಮ್ಮನ ಮಗ ಜಯಚಾಮರಾಜರಿಗೆ ಆದವು, ಅವರ ಮಗ ಶ್ರೀಕಂಠದತ್ತರಿಗೆ ಆಗಲಿಲ್ಲ. 2015ರಲ್ಲಿ ದತ್ತಕಕ್ಕೆ ಬಂದ ಯದುವೀರರಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗುವಾದಾಗ, ಶಾಪ ತೀರಿತು ಅಂತ ಊರೂರಲ್ಲಿ ಮಾತಾಡಿಕೊಂಡರು. ಅದೇ ವರ್ಷ ಆಕೆಯ ಹೆಸರಿಟ್ಟ ‘ಆಪರೇಷನ್ ಅಲಮೇಲಮ್ಮ’ ಎಂಬ ನಗೆ ಸಿನಿಮಾನೂ ಬಂದುಹೋಯಿತು. ಆದರೆ ಎಟ್ನಾದಿಂದ ವೆನಿಸ್‌ವರೆಗೆ ಮೊರ್ಗಾನಾಳನ್ನು ಕುಣಿಸಿದ ಯಾವ ದೊರೆಯ ಮನೆಯಲ್ಲಿ ಅವಳಿಗೆ ವರ್ಷಕ್ಕೊಂದು ಆರತಿ ಎತ್ತಿದ್ದಾರೆ? ಕಿತ್ತುಕೊಳ್ಳಲು ಹೋದ ಮನೆತನವೇ ನಾನೂರು ವರ್ಷ ಆಕೆಯ ಮುಂದೆ ತಲೆಬಾಗಿದ್ದು ಸಣ್ಣ ಮಾತಲ್ಲ. ಶಾಪ ನಿಜವೋ ಸುಳ್ಳೋ, ಅನ್ಯಾಯ ನಡೆದದ್ದು ನಿಜ ಅಂತ ಬರೆದುಕೊಟ್ಟ ಹಾಗೆ ಅದು.

ಈ ಮಾತಿಗೆ ದೊ‌ಡ್ಡವ್ವ ತಣ್ಣಗಾದರು. ನಾನೂ ಸಮಾಧಾನವಾಗಿ ಇನ್ನೊಂದು ಕೊಂಬೆ ಎಳೆದುಕೊಂಡೆ.

“ಮರಳು ಶಾಪ ಆಗಿದ್ದ ಕಾಲ ಹೋಯ್ತು ಬುಡು,” ಅಂದರು. “ಈಗ ರಾತ್ರಿ ಹೊತ್ತು ಹೊಳೇಲಿ ಟ್ರ್ಯಾಕ್ಟರ್ ಸದ್ದು. ಲೋಡಿಗಿಷ್ಟು ಅಂತ ರೇಟು. ಅವ್ವ ಕೊಟ್ಟ ಶಾಪಾನೂ ಕದ್ಕೊಂಡ್ ಹೋಯ್ತಾವ್ರೆ.”

ಇಲ್ಲಿಗೆ ಮೊಮ್ಮಗ ಬಾಯಿ ಹಾಕಿದ. ಭಾನುವಾರ ಗೆಳೆಯರೆಲ್ಲ ಸೇರಿ ತಲಕಾಡಿಗೆ ಹೋಗುತ್ತಾರಂತೆ, ಹೊಳೆಯಲ್ಲಿ ಆಟವಾಡಿ ಬರುತ್ತಾರಂತೆ.

ದೊಡ್ಡವ್ವ ಸೊಪ್ಪಿನ ಮೊರ ಪಕ್ಕಕ್ಕಿಟ್ಟರು. ಯಾಕೆಂದರೆ ರೆಜ್ಜೊದ ದೊರೆ ನಮ್ಮಲ್ಲೂ ಇದ್ದಾನೆ, ಒಬ್ಬಿಬ್ಬರಲ್ಲ. ತಲಕಾಡಿನ ಹೊಳೆ ನೋಡಲು ಬಲು ಸಾಧು. ಬೆಳ್ಳಗೆ ಮರಳು, ಮೊಣಕಾಲುದ್ದ ತಿಳಿನೀರು, ತಳದ ಕಲ್ಲುಹರಳು ಎಣಿಸಬಹುದು, ಆಚೆ ದಡ ಕೂಗಿದರೆ ಕೇಳಿಸುವಷ್ಟು ಹತ್ತಿರ. ಮರಳಿನ ತಳ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳುದ್ದದ ಗುಂಡಿ, ಅದರೊಳಗೆ ಸುಳಿ. ಬೆಂಗಳೂರಿನಿಂದ, ಮೈಸೂರಿನಿಂದ ಹುಡುಗರು ಬಂದು ಇಳಿಯುತ್ತಾರೆ, ಪೇಪರಿನ ಮೂರನೇ ಪುಟದಲ್ಲಿ ಫೋಟೋ ಬರುತ್ತದೆ. ಅಲ್ಲಿ ಕೈ ಬೀಸಿ ಕರೆಯುವ ಸುಂದರಿ ಯಾರೂ ಇಲ್ಲ. ನೀರಿನ ತಿಳಿಯೇ ಸಾಕು.

“ಅಲ್ಲಿ ಬೋರ್ಡ್ ಹಾಕವ್ರೆ ಅಜ್ಜಿ, ಎಲ್ಲಿ ಇಳೀಬಾರ್ದು ಅಂತ. ನೋಡ್ಕೊಂಡು ಇಳೀತೀವಿ.”

“ಬೋರ್ಡ್ ಓದಿ ಬದುಕಿದೋರ್ನ ನಾ ಕಂಡಿಲ್ಲ. ನಮ್ಮಪ್ಪ ಹೊಳೆ ದಡದಲ್ಲಿ ನಿಲ್ಲಿಸ್ಕೊಂಡು, ಅಲ್ಲಿ ಅವ್ವ ಅವ್ಳೆ, ಒಡ್ವೆ ಕೇಳಾಕೆ ಬಂದೋನು ಅಂದ್ಕೊಂಡು ಎಳ್ಕೊಬುಡ್ತಾಳೆ ಅಂದ್ರೆ ಮಾಲಂಗಿ ಮಕ್ಕಳು ಮೂತ್ರ ಹುಯ್ಕೊಳ್ಳೋವು. ಒಂದ್ ಮಗೀಗೂ ಏನೂ ಆಗ್ಲಿಲ್ಲ.”

ಬೆಳಕು ಬಾಗುವ ಲೆಕ್ಕ, ಮರಳು ಸರಿಯುವ ಲೆಕ್ಕ ಎಲ್ಲ ಹೇಳಿಕೊಟ್ಟ ನನಗೆ ಇದಕ್ಕೆ ಎದುರು ಮಾತು ತೋಚಲಿಲ್ಲ. ಆದರೆ ಒಂದು ಮಾತು ಗಂಟಲಲ್ಲಿ ಉಳಿದಿತ್ತು, ಕೇಳಿಯೇಬಿಟ್ಟೆ. “ಹೆದರಿಸೋದಕ್ಕೆ ಆಯಮ್ಮನ ಹೆಸರೇ ಯಾಕೆ ದೊಡ್ಡವ್ವ? ಕಟ್ಟೆ ಕಟ್ಟಿ ನೀರು ತಿರುಗಿಸಿದ್ದು ಮಾಧವಮಂತ್ರಿ. ಹೊಳೇಲಿ ಮಾಧವಮಂತ್ರಿ ಅವನೆ, ಎಳ್ಕೋತಾನೆ ಅನ್ನಿ.”

ದೊಡ್ಡವ್ವ ಮೊರವನ್ನು ಸೊಂಟಕ್ಕಿಟ್ಟುಕೊಂಡು ಎದ್ದರು. ಅವರ ತಂಗಿಯನ್ನು ಕೊಟ್ಟಿರುವುದು ತಲಕಾಡಿನ ಪಕ್ಕ. ಎರಡು ಎಕರೆ ಗದ್ದೆ, ಮಾಧವಮಂತ್ರಿ ನಾಲೆಯ ಬಯಲು. ವರ್ಷಕ್ಕೊಂದು ಮೂಟೆ ಅಕ್ಕಿ ಈ ಮನೆಗೂ ಬರುತ್ತದೆ.

“ಅಯ್ಯೋ ಬುಡ್ತು ಅನ್ನು! ಆ ಪುಣ್ಯಾತ್ಮನ ನೀರಲ್ಲಿ ಬೆಳೆದ ಅನ್ನ ಉಣ್ತಾ ಇದ್ದೀವಿ, ಅವನ ಹೆಸರು ಹಿಡಿದು ಹೆದರಿಸಾಕಾಯ್ತದಾ?”